ಭಾವನ ಮೈಗೆ ಸುಣ್ಣ

ಕೊಡಗಿನಲ್ಲಿ ತೋಟ ಇರುವವರಿಗೆ ಪಿಹೆಚ್ ಅಂದರೆ ಏನು ಅಂತ ಹೇಳಿಕೊಡಬೇಕಿಲ್ಲ. ಮಳೆ ಹೊಯ್ದು ಹೊಯ್ದು ಮಣ್ಣಿನ ಸುಣ್ಣದ ಅಂಶ ತೊಳೆದು ಹೋಗುತ್ತದೆ, ಮಣ್ಣು ಹುಳಿಯಾಗುತ್ತದೆ. ಪರೀಕ್ಷೆಗೆ ಕೊಟ್ಟರೆ 5 ಚಿಲ್ಲರೆ ಅಂತ ಚೀಟಿ ಬರುತ್ತದೆ (ಅಂಕಿ ಇಳಿದಷ್ಟೂ ಹುಳಿ ಜಾಸ್ತಿ), ಕಾಫಿಗೆ ಬೇಕಾದದ್ದು 6ರ ಮೇಲೆ, ಸರಿ, ಸುಣ್ಣ ಎರಚಿ. ನಮ್ಮ ಭಾವ ದಾರಿ ತಪ್ಪಿದ್ದು ಇಲ್ಲೇ. ತೋಟಕ್ಕೆ ಆಗುವುದು ಮೈಗೆ ಯಾಕಾಗಬಾರದು ಅಂತ.

ಅವರಿಗೆ ಎದೆಯುರಿ ಇದ್ದದ್ದು ನಿಜ. ಬೆಳಗ್ಗೆ ಖಾಲಿ ಹೊಟ್ಟೆಗೆ ಎರಡು ಲೋಟ ಬೆಲ್ಲದ ಕಾಪಿ, ರಾತ್ರಿ ಹತ್ತಕ್ಕೆ ಅಕ್ಕಿ ತರಿಯ ಉಂಡೆ ಕಡುಂಬುಟ್ಟು, ಹಂದಿ ಮಾಂಸದ ಪಂದಿ ಕರಿ, ತಿಂದ ಕೂಡಲೇ ಹಾಸಿಗೆ. ಉರಿಯದೆ ಇನ್ನೇನು? ಅಜ್ಜಿ ಇದ್ದಿದ್ದರೆ ಜೀರಿಗೆ ಕುದಿಸಿ ಕೊಟ್ಟು, ಬೇಗ ಉಣ್ಣು ಅಂತ ಬೈದು ಮುಗಿಸುತ್ತಿದ್ದರು. ಭಾವ ಮೊದಲು ಅಡುಗೆ ಸೋಡಾ ಹಿಡಿದರು. ದೊಡ್ಡ ತೇಗು ಬರುತ್ತದೆ, ಹಾಯೆನಿಸುತ್ತದೆ, ಸುಳ್ಳಲ್ಲ. ಹೊಟ್ಟೆಯ ಹುಳಿಗೆ ಸೋಡಾ ಸೇರಿದರೆ ಗ್ಯಾಸ್ ಏಳುವುದು ಸಹಜ. ಆದರೆ ಒಂದು ಟೀ ಚಮಚ ಸೋಡಾದಲ್ಲಿ ಸುಮಾರು 1,200 ಮಿಲಿಗ್ರಾಂ ಸೋಡಿಯಂ ಇರುತ್ತದೆ, ಭಾವನಿಗೆ ಬಿಪಿ ಬೇರೆ. ಅಕ್ಕ ಡಬ್ಬಿಯನ್ನೇ ಬಚ್ಚಿಟ್ಟಳು.

ಆಮೇಲೆ ಬಂತು ಮಿನರಲ್ ಪೌಡರ್. ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ, ಎಲ್ಲ ಸಿಟ್ರೇಟ್ ರೂಪದಲ್ಲಿ. ಜೊತೆಗೆ ಪಿಹೆಚ್ ನೋಡುವ ಹಳದಿ ಪಟ್ಟಿಗಳ ಒಂದು ಡಬ್ಬಿ.

"ಮೈಯೆಲ್ಲಾ ಹುಳಿಯಾಗಿದೆ ಕಣೋ, ಕ್ಷಾರ ಮಾಡ್ಬೇಕು" ಅಂದರು. ದಿನಾ ಬೆಳಗ್ಗೆ ಬಚ್ಚಲಿಗೆ ಪಟ್ಟಿ ಹಿಡಿದು ಹೋಗುವುದು, ಬಂದು ಕಿಟಕಿಯ ಬೆಳಕಿಗೆ ಹಿಡಿದು ಬಣ್ಣ ತಾಳೆ ನೋಡುವುದು, ಪಂಚಾಂಗ ನೋಡುವವರ ಥರ. ನಾಲ್ಕನೇ ದಿನಕ್ಕೆ ಪಟ್ಟಿ ಹಸಿರಾಯ್ತು, ಅಂದರೆ ಕ್ಷಾರ. ಭಾವ ಗೆದ್ದರು! ಮೆಗ್ನೀಸಿಯಂ ಜಾಸ್ತಿಯಾಗಿ ಅದೇ ಬಚ್ಚಲಿಗೆ ಮೂರು ಸಲ ಜಾಸ್ತಿ ಓಡಿದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ.

ನನಗೆ ನಗು ಬಂದದ್ದು ಬೇರೆ ವಿಷಯಕ್ಕೆ. ತೋಟದ ಮಣ್ಣು ಪಾಪ, ಹಾಕಿದ ಸುಣ್ಣವನ್ನು ಮಳೆ ತೊಳೆಯುವ ತನಕ ಇಟ್ಟುಕೊಳ್ಳುತ್ತದೆ. ಮೈ ಹಾಗಲ್ಲ. ನಮ್ಮ ರಕ್ತ 7.35ರಿಂದ 7.45ರ ಒಳಗೇ ಇರಬೇಕು, ಅದನ್ನು ಶ್ವಾಸಕೋಶ, ಮೂತ್ರಪಿಂಡ ಎರಡೂ ಹಗಲೂ ರಾತ್ರಿ ಕಾಯುತ್ತವೆ. ಹುಳಿ ಹೆಚ್ಚಾದರೆ ಉಸಿರಲ್ಲಿ ಒಂದಿಷ್ಟು, ಮೂತ್ರದಲ್ಲಿ ಒಂದಿಷ್ಟು ಹೊರಗೆ. ಕ್ಷಾರ ಹೆಚ್ಚಾದರೂ ಹೊರಗೇ. ಭಾವ ಹಸಿರು ಅಂತ ಖುಷಿಪಟ್ಟದ್ದು ಮೈ ಬೇಡವೆಂದು ಎಸೆದ ಪೌಡರನ್ನು ನೋಡಿ! ಇನ್ನು ಹೊಟ್ಟೆಯಂತೂ ಹುಳಿಯಾಗಿರಲೇಬೇಕು. ಉರಿ ಬರುವುದು ಹೊಟ್ಟೆಯ ಹುಳಿ ಮೇಲೆ ಅನ್ನನಾಳಕ್ಕೆ ನುಗ್ಗಿದಾಗ, ಮೈಯೆಲ್ಲ ಹುಳಿಯಾಗಿ ಅಲ್ಲ. ಅಲ್ವಾ? ವಾರಗಟ್ಟಲೆ ಉರಿದರೆ ಡಾಕ್ಟರ ಹತ್ತಿರ ಹೋಗಬೇಕು, ಬಚ್ಚಲಿಗಲ್ಲ. ಇದನ್ನೆಲ್ಲ ಹೇಳಿದೆ. "ನೀನು ಸುಮ್ನಿರು" ಅಂದರು.

ಅಷ್ಟರಲ್ಲಿ ಕೊಡವರ ಕಕ್ಕಡ ತಿಂಗಳ ಹದಿನೆಂಟು ಬಂತು, ಆಗಸ್ಟ್ 3. ಅವತ್ತು ತಿನ್ನುವ ಮದ್ದು ಸೊಪ್ಪು ಕುದಿಸಿ ಆ ಕಡು ನೇರಳೆ ರಸದಲ್ಲಿ ಅಕ್ಕ ಪಾಯಸ ಮಾಡಿದಳು. ಭಾವ ಎರಡು ಬಟ್ಟಲು ಹೊಡೆದರು. ಮರುದಿನ ಬೆಳಗ್ಗೆ ಬಚ್ಚಲಿನಿಂದ ಒಂದು ಕೂಗು. ಮದ್ದು ಸೊಪ್ಪು ತಿಂದರೆ ಮೂತ್ರ ಕೆಂಪಗೆ ಬರುವುದು ಇಲ್ಲಿ ಮಕ್ಕಳಿಗೂ ಗೊತ್ತು, ಭಾವನಿಗೂ ಗೊತ್ತು, ಆದರೆ ಪಟ್ಟಿಗೆ ಗೊತ್ತಿಲ್ಲವಲ್ಲ. ಅದು ತಿರುಗಿದ ಬಣ್ಣ ಡಬ್ಬಿಯ ಮೇಲಿನ ಸಾಲಿನಲ್ಲಿ ಎಲ್ಲೂ ಇರಲಿಲ್ಲ.

ಪಟ್ಟಿಯ ಡಬ್ಬಿ ಹಾಗೇ ಅಡುಗೆಮನೆ ಕಿಟಕಿಯಲ್ಲಿ ಉಳಿಯಿತು. ಕೈಲ್ ಪೊಳ್ದ್ ಹಬ್ಬದ ದಿನ ಪಂದಿ ಕರಿ ಒಲೆಯ ಮೇಲಿದ್ದಾಗ ಭಾವ ಯಾರೂ ನೋಡುತ್ತಿಲ್ಲ ಅಂದುಕೊಂಡು, ಪಂದಿ ಕರಿಗೆ ಹಾಕುವ ಹುಳಿ ರಸ, ಕಪ್ಪಗೆ ಎಣ್ಣೆಯ ಹಾಗೆ ಇರುವ ಕಾಚಂಪುಳಿ ಬಾಟಲಿಗೆ ಒಂದು ಪಟ್ಟಿ ಅದ್ದಿದರು. ಅದ್ದಿದ್ದೇ ತಡ, ಕೆಂಪು. ಅದನ್ನೇ ಸ್ವಲ್ಪ ಹೊತ್ತು ನೋಡಿದರು. ಪಟ್ಟಿಯನ್ನು ಒಲೆಗೆ ಎಸೆದು, ಕರಿಯ ರುಚಿ ನೋಡಿ, ಇನ್ನೂ ಒಂದು ಚಮಚ ಕಾಚಂಪುಳಿ ಸುರಿದರು.