ಸುವಾರ್ತೆ ಸಾರಲು ಕ್ರೈಸ್ತ ಸಭೆಯವರೆಲ್ಲರೂ ಮನೆಮನೆಗೆ ಹೋಗಬೇಕೇ?

ಪರ: ಹೇಳುವವರಿಲ್ಲದೆ ಕೇಳುವುದು ಹೇಗೆ?

ಈ ಪಕ್ಷ ಹಿಡಿದು ಬರೆಯಿರಿ ಎಂದಾಗ ಎರಡು ದಿನ ಯೋಚಿಸಿದೆ. ಸಂಡೇ ಸ್ಕೂಲಿನಲ್ಲಿ 20 ವರ್ಷ ಪಾಠ ಮಾಡಿದ್ದೇನೆ, ಸಭೆಯ ಲೆಕ್ಕಪತ್ರ ನೋಡಿಕೊಂಡಿದ್ದೇನೆ. ಆದರೆ ಗುರುತಿಲ್ಲದವರ ಮನೆಯ ಬಾಗಿಲಿಗೆ ಹೋಗಿ ಯೇಸುವಿನ ವಿಷಯ ಹೇಳಿದ್ದು ಎರಡೇ ಸಲ. ಎರಡನೆಯ ಸಲ ನಾಲಿಗೆಯೇ ಹೊರಳಲಿಲ್ಲ. ಹಾಗಿದ್ದೂ ಒಪ್ಪಿಕೊಂಡೆ. ನನ್ನಿಂದ ಆಗಲಿಲ್ಲ ಎಂಬ ಕಾರಣಕ್ಕೆ ಕರ್ತನ ಆಜ್ಞೆ ಸಡಿಲವಾಗುವುದಿಲ್ಲವಲ್ಲ.

ಮತ್ತಾಯನ ಸುವಾರ್ತೆಯ ಕೊನೆಯ ಅಧ್ಯಾಯ ನಮಗೆಲ್ಲ ಬಾಯಿಪಾಠ. ಹೊರಟುಹೋಗಿ ಎಲ್ಲ ಜನಾಂಗಗಳವರನ್ನು ಶಿಷ್ಯರನ್ನಾಗಿ ಮಾಡಿರಿ ಎಂದು ಯೇಸು ಹೇಳಿದ. ಆ ಮಾತು ಅಲ್ಲಿ ನಿಂತಿದ್ದ ಹನ್ನೊಂದು ಮಂದಿ ಶಿಷ್ಯರಿಗೆ ಮಾತ್ರ ಎನ್ನುವವರು ನಮ್ಮ ಸಭೆಯಲ್ಲೇ ಇದ್ದಾರೆ. ಹಾಗಾದರೆ ದೀಕ್ಷಾಸ್ನಾನ ಮಾಡಿಸಿರಿ ಎಂದದ್ದೂ ಅದೇ ಹನ್ನೊಂದು ಮಂದಿಗೇ. ಅದನ್ನು ಮಾತ್ರ ನಾವು ಬಿಟ್ಟಿಲ್ಲ, ನಮ್ಮ ಕೂಸುಗಳನ್ನೆಲ್ಲ ಎತ್ತಿಕೊಂಡು ಹೋಗಿ ಮಾಡಿಸುತ್ತೇವೆ. ರೋಮಾಪುರದವರಿಗೆ ಬರೆದ ಪತ್ರದ ಹತ್ತನೆಯ ಅಧ್ಯಾಯದಲ್ಲಿ ಪೌಲನು ಕೇಳುವ ಪ್ರಶ್ನೆಗೆ ನನಗಂತೂ ಬೇರೆ ಉತ್ತರ ಗೊತ್ತಿಲ್ಲ: ಸಾರುವವನಿಲ್ಲದೆ ಕೇಳುವುದು ಹೇಗೆ?

ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿ ಒಂದು ಕಥೆಯಿದೆ. ಗಾಜಾಕ್ಕೆ ಹೋಗುವ ದಾರಿಯಲ್ಲಿ ಫಿಲಿಪ್ಪನು ರಥದ ಬಳಿಗೆ ಓಡಿಹೋದ. ಒಳಗೆ ಐಥಿಯೋಪ್ಯದ ಕಂಚುಕಿ ಯೆಶಾಯನ ಗ್ರಂಥ ಓದುತ್ತಿದ್ದ. ಓದುವುದು ನಿನಗೆ ತಿಳಿಯುತ್ತದೋ ಎಂದು ಫಿಲಿಪ್ಪ ಕೇಳಿದ. ಯಾರಾದರೂ ತಿಳಿಸಿಕೊಡದೆ ಹೇಗೆ ತಿಳಿದೀತು ಎಂದು ಅವನು ಹೇಳಿದ. ರಥ ತಾನಾಗಿ ನಿಲ್ಲಲಿ ಎಂದು ಫಿಲಿಪ್ಪ ದಾರಿಯ ಬದಿಯಲ್ಲಿ ಒಳ್ಳೆಯವನಾಗಿ ನಿಂತಿದ್ದರೆ ಏನಾಗುತ್ತಿತ್ತು?

ವಿರೋಧಿಸುವವರ ವಾದ ನನಗೆ ಗೊತ್ತು. ಬಾಯಿ ಬಿಡಬೇಡಿ, ನಡತೆ ಚೆನ್ನಾಗಿರಲಿ, ನೋಡಿದವರು ತಾವಾಗಿ ಬರುತ್ತಾರೆ ಎನ್ನುತ್ತಾರೆ. ಒಳ್ಳೆಯ ನಡತೆಯವರು ಎಲ್ಲ ಧರ್ಮಗಳಲ್ಲೂ ಇದ್ದಾರೆ. ನಮ್ಮ ಪಕ್ಕದ ಮನೆಯವರು ನನಗಿಂತ ಸಜ್ಜನರು. ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಹದಿನೈದು ದಿನ ಊಟ ತಂದುಕೊಟ್ಟವರು. ನನ್ನ ಮುಖ ನೋಡಿ ಅವರಿಗೆ ಶಿಲುಬೆಯ ವಿಷಯ ತಿಳಿಯುವುದು ಸಾಧ್ಯವೇ? ಅದನ್ನು ಬಾಯಿಬಿಟ್ಟೇ ಹೇಳಬೇಕು.

ನಮ್ಮ ಮನೆಯ ಕಥೆಯನ್ನೇ ನೋಡಿ. 1834ರ ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೂವರು ಪಾದ್ರಿಗಳು ಮಂಗಳೂರಿಗೆ ಬಂದರು: ಹೆಬಿಕ್, ಲೇನರ್, ಗ್ರೈನರ್. ಕರಾವಳಿಯಲ್ಲಿ ಕಥೋಲಿಕರು ಅದಕ್ಕೂ ಬಹಳ ಮೊದಲೇ ಇದ್ದರು, ನಿಜ. ಆದರೆ ನಮ್ಮ ಹಿರಿಯರ ಅಂಗಳಕ್ಕೆ ಬಂದು ಕೂತು ಮಾತಾಡಿದವರು ಈ ಮಿಷನ್ನಿನವರು. ಜನ ಕೂಡುವ ಕಡೆಗೆಲ್ಲ ಅವರು ಹೋದರು, ಜಾತ್ರೆಗಳಲ್ಲಿ ನಿಂತರು, ಬೈಗುಳ ತಿಂದರು. ಜನರ ಎದೆಗೆ ಮುಟ್ಟುವ ಮಾತು ಬೇಕೆಂದೇ ಭಾಷೆ ಕಲಿತರು. ಮೋಗ್ಲಿಂಗ್ 1843ರಲ್ಲಿ ‘ಮಂಗಳೂರು ಸಮಾಚಾರ’ ಪತ್ರಿಕೆ ತಂದದ್ದು, ಕಿಟ್ಟೆಲ್ 1894ರಲ್ಲಿ ನಿಘಂಟು ಕೊಟ್ಟದ್ದು ಆ ಹಂಬಲದ ಬೇರಿನಿಂದಲೇ. ಅವರೆಲ್ಲ ತಮ್ಮ ಊರಿನಲ್ಲೇ ಸಜ್ಜನರಾಗಿ ಬಾಳಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ.

ಕಾನೂನಿನ ಭಯವನ್ನೂ ಮುಂದಿಡುತ್ತಾರೆ. ಸಂವಿಧಾನದ 25ನೆಯ ವಿಧಿಯಲ್ಲಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಇದೆ. ಅದರೊಳಗೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು ಸುಪ್ರೀಂ ಕೋರ್ಟು 1977ರಲ್ಲಿ ಹೇಳಿತು. ಆ ಹಕ್ಕು ನನಗೂ ಬೇಡ. ಮನಸ್ಸು ತಿರುಗಿಸುವುದು ಪವಿತ್ರಾತ್ಮನ ಕೆಲಸ, ಹೇಳುವುದಷ್ಟೇ ನಮ್ಮದು.

ಹೀಗೆ ಮಾಡೋಣ. ಕರ್ತನು ಎಪ್ಪತ್ತು ಮಂದಿಯನ್ನು ಇಬ್ಬಿಬ್ಬರಾಗಿ ಕಳುಹಿಸಿದಂತೆ ನಾವೂ ಇಬ್ಬಿಬ್ಬರಾಗಿ ತಿಂಗಳಿಗೊಂದು ಮನೆಗೆ ಹೋಗೋಣ. ಮೊದಲೇ ಕೇಳಿಕೊಂಡು ಹೋಗೋಣ, ಬೇಡ ಎಂದರೆ ನಮಸ್ಕಾರ ಹೇಳಿ ಎದ್ದು ಬರೋಣ. ಸಭೆಗೆ ಬಂದವರನ್ನು ನೋಡಿಕೊಳ್ಳುವುದರಲ್ಲಿ ನಾವು ಹಿಂದೆ ಬಿದ್ದಿದ್ದೇವೆ ಎಂಬ ಮಾತಿದೆ. ಒಪ್ಪುತ್ತೇನೆ. ಅದು ಬೇರೆ ವಿಷಯ, ಬೇರೆಯಾಗಿ ಚರ್ಚಿಸಬೇಕಾದದ್ದು.

ವಿರೋಧ: ಮೊದಲು ಬೆಂಚಿನಲ್ಲಿ ಜಾಗ ಬಿಡಿ

ನಮ್ಮ ಓಣಿಯಲ್ಲಿ ಒಬ್ಬಾಕೆ ಹೂವು ಮಾರುತ್ತಿದ್ದಳು. ಬೆಳಕು ಹರಿಯುವ ಮೊದಲೇ ಪೇಟೆಗೆ ಹೋಗಿ ಮಲ್ಲಿಗೆ, ಸೇವಂತಿಗೆ, ಕನಕಾಂಬರ ತಂದು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತು ಕಟ್ಟುತ್ತಿದ್ದಳು. ಗಂಡ ತೀರಿಹೋಗಿದ್ದ. ಒಬ್ಬಳೇ ಮಗಳು, ಅವಳು ನನ್ನ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ. ಈ ತಾಯಿಯನ್ನು ಕ್ರಿಸ್ತನ ಬಳಿಗೆ ಕರೆತಂದವಳು ನಾನು. ಆದ್ದರಿಂದ ಕೆಳಗೆ ಬರೆಯುವುದೆಲ್ಲ ನನ್ನ ಮೇಲೆಯೂ ಬರುತ್ತದೆ.

ಹುಡುಗಿಗೆ ಜ್ವರ ಬಂದು ವಾರವಾದರೂ ಇಳಿದಿರಲಿಲ್ಲ. ದವಾಖಾನೆಗೆ ನಾನೇ ಕರೆದೊಯ್ದೆ, ಔಷಧ ಕೊಡಿಸಿದೆ, ರಾತ್ರಿ ಹಾಸಿಗೆಯ ಪಕ್ಕ ಕೂತು ಪ್ರಾರ್ಥನೆ ಮಾಡಿದೆ. ಹುಡುಗಿ ಎದ್ದು ಕೂತ ಮೇಲೆ ತಾಯಿ ಕೇಳಿದಳು: “ಅಕ್ಕೋರ, ಯಾರನ್ನ ಕರದ್ರಿ ಅವತ್ತ? ನನಗೂ ಒಂದೀಟು ಹೇಳ್ರಿ.” ಹೇಳಿದೆ. ಎರಡು ವರ್ಷ, ಪ್ರತಿ ಗುರುವಾರ ಸಂಜೆ, ಹೂವಿನ ಬುಟ್ಟಿ ಖಾಲಿಯಾದ ಮೇಲೆ. ಓದು ಬರುತ್ತಿರಲಿಲ್ಲ, ಇಪ್ಪತ್ಮೂರನೆಯ ಕೀರ್ತನೆಯನ್ನು ನನ್ನ ಬಾಯಿಂದ ಕೇಳಿಯೇ ಕಲಿತಳು. ಅವಳ ನಂಬಿಕೆ ನನ್ನದಕ್ಕಿಂತ ಗಟ್ಟಿಯಾಗಿತ್ತು.

ದೀಕ್ಷಾಸ್ನಾನದ ದಿನ ಸಭೆ ತುಂಬಿತ್ತು. ಬೈಬಲಿನ ಹೆಸರೊಂದನ್ನು ಕೊಟ್ಟೆವು. ಆರಿಸಿದವಳು ನಾನೇ, ಅವಳನ್ನು ಯಾರೂ ಕೇಳಲಿಲ್ಲ. ಆ ವರ್ಷದ ವರದಿಯಲ್ಲಿ ‘ಹೊರಗಿನಿಂದ ಸೇರಿದವರು: 2’ ಎಂದು ಓದಿದಾಗ ಎಲ್ಲರೂ ಆಮೆನ್ ಎಂದರು. ತಾಯಿ, ಮಗಳು, ಎರಡು.

ಮುಂದಿನದು ಯಾವ ವರದಿಯಲ್ಲೂ ಬರಲಿಲ್ಲ. ಒಂದು ತಿಂಗಳಿಗೆ ಒಬ್ಬ ಹಿರಿಯರು ಅವಳನ್ನು ತಡೆದು, ಗುಡಿಯ ಮುಂದೆ ಕೂತು ಮೂರ್ತಿಗೆ ಹೂವು ಮಾರಿದರೆ ಸಾಕ್ಷಿ ಕೆಡುತ್ತದೆ ಎಂದರು. ಬಿಟ್ಟಳು. ಬೇರೆ ಕೆಲಸ ಯಾರು ಕೊಟ್ಟರು? ಸಭೆಯ ಮೂರು ಮನೆಗಳಲ್ಲಿ ಪಾತ್ರೆ ತಿಕ್ಕುವ ಕೆಲಸ ಸಿಕ್ಕಿತು. ಶನಿವಾರ ಯಾರ ಮನೆಯ ಬಚ್ಚಲು ತೊಳೆದಳೋ ಭಾನುವಾರ ಅವರು ಮುಂದಿನ ಬೆಂಚಿನಲ್ಲಿ, ಇವಳು ಬಾಗಿಲ ಬಳಿಯ ಕೊನೆಯ ಬೆಂಚಿನಲ್ಲಿ. ನಡುವೆ ಬೆಂಚುಗಳು ಖಾಲಿ ಇದ್ದವು. ಬಾ ಎಂದು ಕೈಮಾಡಿದವರಿಲ್ಲ. ನಾನು ಗಾಯಕವೃಂದದಲ್ಲಿ ಹಾಡುತ್ತಿದ್ದೆ, ನನ್ನ ಜಾಗ ಮೇಲೆ. ಅಲ್ಲಿಂದ ನೋಡುತ್ತಿದ್ದೆ, ಇಳಿದು ಬಂದು ಪಕ್ಕದಲ್ಲಿ ಕೂರಲಿಲ್ಲ. ಯಾಕೋಬನ ಪತ್ರದ ಎರಡನೆಯ ಅಧ್ಯಾಯದಲ್ಲಿ ಚಿನ್ನದ ಉಂಗುರದವನನ್ನು ಒಳ್ಳೆಯ ಸ್ಥಳದಲ್ಲಿ ಕೂರಿಸಿ ಬಡವನಿಗೆ ನೀನು ಅಲ್ಲಿ ನಿಂತುಕೋ ಎನ್ನುವ ಸಭೆ ಬರುತ್ತದಲ್ಲ, ಅದನ್ನು ಓದುವ ಭಾನುವಾರವೂ ಅವಳು ಅಲ್ಲೇ ಕೂತಿದ್ದಳು.

“ಅಕ್ಕೋರ,” ಎಂದಳು ಒಂದು ದಿನ, “ಗುಡಿ ಕಟ್ಟಿ ಮ್ಯಾಲ ಕೂತಾಗ ದಿನಕ್ಕ ನೂರು ಮಂದಿ ಮಾತಾಡ್ಸತಿದ್ರು.” ದೂರು ಹೇಳುವ ದನಿಯಲ್ಲಿರಲಿಲ್ಲ.

ಮಗಳು ಮದುವೆಗೆ ಬಂದಾಗ ಸಭೆಯ ನಾಲ್ಕು ಮನೆಗಳಲ್ಲಿ ನಾನು ಮಾತೆತ್ತಿದೆ. ಹುಡುಗಿ ಬಿ.ಎ. ಓದಿದ್ದಳು, ಸಂಡೇ ಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದಳು. “ಹುಡುಗಿ ಚಲೋ ಅದಾಳ್ರಿ, ಆದರ ಯಾವ ಮಂದಿ?” ಎಂದರು. ನಾಲ್ಕು ತಲೆಮಾರಿನಿಂದ ಕರ್ತನ ಭೋಜನದಲ್ಲಿ ಒಂದೇ ಪಾತ್ರೆಗೆ ತುಟಿಯಿಟ್ಟವರು ಕೇಳಿದ ಪ್ರಶ್ನೆ ಇದು. ಕೊನೆಗೆ ತಾಯಿಯ ಅಣ್ಣನ ಮಗನೊಂದಿಗೆ ಮದುವೆಯಾಯಿತು, ಅವರ ಪದ್ಧತಿಯಂತೆ. ನಮ್ಮ ಹಿರಿಯರು ಹುಡುಗಿ ಜಾರಿಹೋದಳು ಎಂದು ಪ್ರಾರ್ಥನಾ ಕೂಟದಲ್ಲಿ ನೊಂದುಕೊಂಡರು.

ತಾಯಿ ತೀರಿಕೊಂಡ ದಿನ ಅವಳ ಅಣ್ಣ ಬಂದು ಹೊಸ್ತಿಲ ಹೊರಗೇ ನಿಂತ. “ನಿಮ್ಮಾಕಿ ಆಗ್ಯಾಳಲ್ರೀ, ನೀವ ಮಾಡ್ರಿ,” ಎಂದ. ಅವನ ಕಣ್ಣು ಒದ್ದೆಯಾಗಿತ್ತು, ಅವನನ್ನು ನಾನು ದೂರುವುದಿಲ್ಲ. ನಾನು ಸಮಿತಿಯವರ ಬಳಿಗೆ ಓಡಿದೆ. ಅಲ್ಲಿ ಪುಸ್ತಕ ತೆಗೆದು ನೋಡಿ, ಹದಿನಾಲ್ಕು ತಿಂಗಳ ವಂತಿಗೆ ಬಾಕಿ ಇದೆ, ಅದು ಕಟ್ಟದೆ ಸ್ಮಶಾನದಲ್ಲಿ ಜಾಗ ಕೊಡಲು ನಿಯಮವಿಲ್ಲ ಎಂದರು. ನಾನೇ ಕಟ್ಟಿದೆ, ರಶೀದಿ ಕೊಟ್ಟರು. ಮಣ್ಣು ಮಾಡಿದಾಗ ಎಂಟು ಮಂದಿ ಇದ್ದೆವು. ಸಭಾಪಾಲಕರು ಬಂದು ಬಹಳ ಚೆನ್ನಾಗಿ ಪ್ರಾರ್ಥಿಸಿದರು, ಅದನ್ನು ಹೇಳಲೇಬೇಕು. ಅವಳು ಕರ್ತನ ಬಳಿ ಇದ್ದಾಳೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಸಂಶಯ ಇರುವುದು ನಮ್ಮ ವಿಷಯದಲ್ಲಿ.

ಈಗ ಅದೇ ಸಮಿತಿ, ಈ ವರ್ಷ ಕುಟುಂಬಕ್ಕೊಂದು ಆತ್ಮ, ಅಂದರೆ ಪ್ರತಿ ಕುಟುಂಬವೂ ಹೊರಗಿನ ಒಬ್ಬರನ್ನು ಸಭೆಗೆ ತರಬೇಕು ಎಂದು ಗುರಿಯಿಟ್ಟು ಎಲ್ಲರೂ ಮನೆಮನೆಗೆ ಹೋಗಬೇಕು ಎನ್ನುತ್ತಿದೆ. ಬಂದವರ ಗತಿಯೇನು ಎಂದರೆ ‘ಅದು ಬೇರೆ ವಿಷಯ’ ಎನ್ನುತ್ತಾರೆ. ಬೇರೆ ವಿಷಯ ಹೇಗಾದೀತು? ಫಿಲಿಪ್ಪನ ಹೆಸರನ್ನು ಎಲ್ಲರೂ ಎತ್ತುತ್ತಾರೆ, ರಥದ ಕಥೆ ಹೇಳುತ್ತಾರೆ. ಅದು ಅಪೊಸ್ತಲರ ಕೃತ್ಯಗಳ ಎಂಟನೆಯ ಅಧ್ಯಾಯ. ಎರಡು ಅಧ್ಯಾಯ ಹಿಂದೆ ಹೋಗಿ ಓದಬೇಕು. ಯೆರೂಸಲೇಮಿನ ಸಭೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಹಂಚುವಾಗ ಸರಿಯಾಗಿ ಕೊಡುತ್ತಿಲ್ಲ ಎಂದು ಗುಣುಗುಟ್ಟುವಿಕೆ ಎದ್ದಿತು. ಅದನ್ನು ಸರಿಪಡಿಸಲು ಏಳು ಮಂದಿಯನ್ನು ಆರಿಸಿದರು. ಅವರಲ್ಲಿ ಒಬ್ಬ ಈ ಫಿಲಿಪ್ಪ. ಹೊರಗಿನಿಂದ ಬಂದ ವಿಧವೆಯ ತಟ್ಟೆಗೆ ಊಟ ಬಿತ್ತೋ ಇಲ್ಲವೋ ಎಂದು ನೋಡುವ ಕೆಲಸ ಮೊದಲು ವಹಿಸಿಕೊಂಡವನು ಅವನು. ರಥದ ಹಿಂದೆ ಓಡಿದ್ದು ಆಮೇಲೆ. ಈ ಭಾಗವನ್ನು ನಮ್ಮ ಉಜ್ಜೀವನ ಕೂಟಗಳಲ್ಲಿ ಯಾರೂ ಪ್ರಸಂಗಕ್ಕೆ ತೆಗೆದುಕೊಂಡದ್ದನ್ನು ನಾನು ಕೇಳಿಲ್ಲ.

ಬಾಸೆಲ್ ಮಿಷನ್ನಿನವರ ಹೆಸರನ್ನೂ ಎತ್ತುತ್ತಾರೆ. ಜಾತ್ರೆಯ ಪ್ರಸಂಗ ನೆನಪಿರುತ್ತದೆ, ಮಂಗಳೂರಿನ ಜೆಪ್ಪುವಿನಲ್ಲಿ ಅವರು ಹಾಕಿದ ಹಂಚಿನ ಕಾರ್ಖಾನೆ ನೆನಪಿರುವುದಿಲ್ಲ. ಕ್ರೈಸ್ತರಾದವರನ್ನು ಮನೆಯಿಂದ, ಕಸುಬಿನಿಂದ ಹೊರಗೆ ಹಾಕುತ್ತಾರೆ ಎಂಬುದು ಕಣ್ಣಿಗೆ ಬಿದ್ದಾಗ ಆ ಪರದೇಶಿಗಳು ನೇಯ್ಗೆ ಹಾಕಿದರು, 1865ರಲ್ಲಿ ಹಂಚಿನ ಕೆಲಸ ಶುರುಮಾಡಿದರು, ಇರಲು ಜಾಗ ಮಾಡಿಕೊಟ್ಟರು. ಕೆಲಸದ ಆಸೆಗೆ ಸೇರಿಸಿಕೊಂಡರು ಎಂಬ ಅಪವಾದ ಬಂತು, ಅದನ್ನೂ ಹೊತ್ತರು. ನಾವು ಒಬ್ಬ ಹೂವಿನಾಕೆಯ ಬುಟ್ಟಿ ಇಳಿಸಿಬಿಟ್ಟೆವು.

ಮನೆಮನೆಗೆ ಹೋಗುವವರು ಇಷ್ಟನ್ನಾದರೂ ಹೇಳುತ್ತಾರೆಯೇ? 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವರು ಕ್ರೈಸ್ತರಾದರೆ ಆ ಸ್ಥಾನಮಾನ ಹೋಗುತ್ತದೆ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಒಳಗೆ ಸೇರಿಸಿದರು, ನಮ್ಮವರನ್ನು ಸೇರಿಸಲಿಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಗಂಡ ಅಥವಾ ಹೆಂಡತಿಯ ಮತಾಂತರ ವಿಚ್ಛೇದನಕ್ಕೆ ಒಂದು ಕಾರಣ. ಕರಪತ್ರ ಕೊಡುವವನಿಗೆ ಇದರಿಂದ ಏನೂ ಕಳೆಯುವುದಿಲ್ಲ, ತೆಗೆದುಕೊಂಡವನಿಗೆ ಕಳೆಯುತ್ತದೆ. ಕಳೆದದ್ದನ್ನು ತುಂಬಿಕೊಡಲು ಸಭೆ ತಯಾರಿಲ್ಲದಿದ್ದರೆ ಅವನ ಬಾಗಿಲಿಗೆ ಹೋಗುವ ಹಕ್ಕು ನಮಗೆಲ್ಲಿಂದ ಬಂತು?

ಸಾರುವವನಿಲ್ಲದೆ ಕೇಳುವುದು ಹೇಗೆ ಎಂಬ ವಚನ ನನಗೂ ಗೊತ್ತು, ಮಕ್ಕಳಿಗೆ ಕಲಿಸಿದವಳು ನಾನು. ಪೇತ್ರನ ಮೊದಲ ಪತ್ರದಲ್ಲಿ ಇನ್ನೊಂದು ಮಾತಿದೆ: ನಿಮ್ಮ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಉತ್ತರ ಹೇಳಲು ಸಿದ್ಧರಾಗಿರಿ, ಸಾತ್ವಿಕತ್ವದಿಂದ. ಆ ತಾಯಿ ಕೇಳಿದಳು, ನಾನು ಹೇಳಿದೆ. ಅಷ್ಟರ ಮಟ್ಟಿಗೆ ನನಗೆ ಪಶ್ಚಾತ್ತಾಪವಿಲ್ಲ. ಆಮೇಲಿನ ಹನ್ನೊಂದು ವರ್ಷಗಳಿಗೆ ಇದೆ.

ಈ ಸಲದ ಅಭಿಯಾನಕ್ಕೆ ಮುಂದಾಳಾಗಿ ಎಂದು ಸಮಿತಿಯವರು ನನ್ನನ್ನೇ ಕೇಳಿದರು, ಹಿಂದೆ ‘ಇಬ್ಬರನ್ನು ತಂದವರು’ ಎಂದು. ಆಗುವುದಿಲ್ಲ ಎಂದೆ. ಬರುವ ಭಾನುವಾರ ಆರಾಧನೆ ಮುಗಿಸಿಕೊಂಡು ಆ ಹುಡುಗಿಯ ಮನೆಗೆ ಹೋಗುವವಳಿದ್ದೇನೆ. ಅವಳ ಅವ್ವನ ಗೋರಿಗೆ ಇನ್ನೂ ಕಲ್ಲು ಹಾಕಿಸಿಲ್ಲ. ಕಲ್ಲಿನ ಮೇಲೆ ಯಾವ ಹೆಸರು ಕೆತ್ತಿಸೋಣ, ನಾನು ಇಟ್ಟದ್ದೋ ಅವಳ ತಾಯಿ ಇಟ್ಟದ್ದೋ ಎಂದು ಅವಳನ್ನೇ ಕೇಳಬೇಕು.