ಗುಂಡುಪಿನ್ನು ಮಾರುವವನು ಆಡಂ ಸ್ಮಿತ್ ಓದಿದ್ದು

ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಸ್ಟೇಷನರಿ ಅಂಗಡಿ. ನೋಟ್‌ಬುಕ್ಕು, ಪೆನ್ನು, ಗೋಂದು, ಗುಂಡುಪಿನ್ನು, ಮೂಲೆಯಲ್ಲಿ ಒಂದು ಜೆರಾಕ್ಸ್ ಮಷೀನು. ಹೋದ ವರ್ಷ ಬಿ.ಕಾಂ. ಓದುವ ಅಕ್ಕನ ಮಗ ಕೌಂಟರ್ ಮೇಲೆ ಮೊಣಕೈ ಊರಿಕೊಂಡು, "ಮಾವ, ಸರ್ಕಾರ ಸುಮ್ನಿದ್ರೆ ಸಾಕು, ಮಾರ್ಕೆಟ್ಟು ಎಲ್ಲಾ ತಾನೇ ಸರಿ ಮಾಡ್ಕೊಳ್ಳುತ್ತೆ. ಆಡಂ ಸ್ಮಿತ್ ಆವಾಗ್ಲೇ ಹೇಳಿದ್ದಾನೆ" ಅಂದ. ಎಲ್ಲಿ ಹೇಳಿದ್ದಾನೆ ಅಂತ ಕೇಳಿದೆ. ನೋಟ್ಸಲ್ಲಿದೆ ಅಂದ. ಆ ನೋಟ್ಸು ನನ್ನ ಮಷೀನಲ್ಲೇ ಜೆರಾಕ್ಸ್ ಆಗಿತ್ತು, ಅದು ಬೇರೆ ಮಾತು.

ಆಡಂ ಸ್ಮಿತ್ ಅಂದರೆ ಅರ್ಥಶಾಸ್ತ್ರದ ಪಿತಾಮಹ ಅಂತ ಕರೆಸಿಕೊಳ್ಳುವವನು. ಹಟಕ್ಕೆ ಬಿದ್ದು ಅವನು ಬರೆದ 'ವೆಲ್ತ್ ಆಫ್ ನೇಷನ್ಸ್' ತರಿಸಿದೆ. ಮಧ್ಯಾಹ್ನ 2ರಿಂದ 4 ಗಂಟೆ ನಮ್ಮಲ್ಲಿ ಗಿರಾಕಿ ಕಮ್ಮಿ, ಆ ಹೊತ್ತಲ್ಲಿ ದಿನಾ ನಾಲ್ಕೈದು ಪುಟ. ಐದು ಭಾಗ, ಸಾವಿರ ಪುಟದ ಹತ್ತಿರ, 1776ರ ಇಂಗ್ಲಿಷು, ಒಂದೊಂದು ವಾಕ್ಯವೂ ಅರ್ಧ ಪುಟ. ಮುಗಿಸೋಕೆ ಏಳು ತಿಂಗಳು ಬೇಕಾಯಿತು. ಸುಳ್ಳು ಯಾಕೆ ಹೇಳಲಿ, ಮಧ್ಯದಲ್ಲಿ ನಾಲ್ಕು ಶತಮಾನದ ಬೆಳ್ಳಿ ಬೆಲೆ ಏರಿಳಿತದ ಬಗ್ಗೆ ಒಂದು ಭಾರಿ ದೊಡ್ಡ ಅಡ್ಡಕಥೆ ಇದೆ, ಅದನ್ನು ಹಾರಿಸಿದೆ.

ಆದರೆ ಮೊದಲನೇ ಅಧ್ಯಾಯದಲ್ಲೇ ನನ್ನ ಸರಕು ಬಂತು. ಗುಂಡುಪಿನ್ನು! ತಂತಿ ಎಳೆಯುವವನೊಬ್ಬ, ನೆಟ್ಟಗೆ ಮಾಡುವವನೊಬ್ಬ, ಕತ್ತರಿಸುವವನೊಬ್ಬ, ಮೊನೆ ಮಾಡುವವನೊಬ್ಬ, ತಲೆ ಕೂರಿಸೋಕೆ ಬೇರೆಯವರು, ಹೀಗೆ ಒಂದು ಪಿನ್ನಿಗೆ ಸುಮಾರು 18 ಕೆಲಸ. ತಾನು ಕಣ್ಣಾರೆ ನೋಡಿದ ಒಂದು ಬಡ ಕಾರ್ಖಾನೆಯಲ್ಲಿ 10 ಜನ ಸೇರಿ ದಿನಕ್ಕೆ 12 ಪೌಂಡ್ ಪಿನ್ನು ಮಾಡುತ್ತಿದ್ದರಂತೆ. ಅಂದರೆ 48,000 ಪಿನ್ನು. ಕೆಲಸ ಕಲಿಯದ ಒಬ್ಬನೇ ಕೂತರೆ 20 ಆಗೋದೂ ಕಷ್ಟ. ಪೌಂಡಿಗೆ 4,000 ಪಿನ್ನು ಅನ್ನುವುದು ಅವನ ಲೆಕ್ಕ. ನಾನು ಸುಮ್ಮನಿರಲಾರದೆ ನೂರು ಪಿನ್ನು ಎಣಿಸಿ ತಕ್ಕಡಿಗೆ ಹಾಕಿದೆ. ಹತ್ತು ಹನ್ನೊಂದು ಗ್ರಾಂ ಬಂತು. ಇನ್ನೂರೈವತ್ತು ವರ್ಷದಲ್ಲಿ ಪಿನ್ನಿನ ತೂಕ ಹೆಚ್ಚೂಕಮ್ಮಿ ಹಾಗೇ ಇದೆ ನೋಡಿ.

ಅಕ್ಕನ ಮಗನ ನೋಟ್ಸಲ್ಲೂ ಈ ಪಿನ್ನು ಇತ್ತು. ಇಲ್ಲದೇ ಇದ್ದದ್ದು ಐದನೇ ಭಾಗದಲ್ಲಿ ಬರುವ ಮಾತು. ಅಲ್ಲಿ ಇದೇ ಮನುಷ್ಯ ಅದೇ ಕೆಲಸದವನ ಕಡೆ ತಿರುಗಿ ನೋಡುತ್ತಾನೆ. ಬದುಕಿಡೀ ಒಂದೆರಡು ಸಣ್ಣ ಕೆಲಸವನ್ನೇ ಮಾಡುತ್ತಾ ಕೂತವನಿಗೆ ತಲೆ ಓಡಿಸುವ ಸಂದರ್ಭವೇ ಬರುವುದಿಲ್ಲ, ಮನುಷ್ಯನಾದವನು ಎಷ್ಟು ಮಂಕಾಗಬಹುದೋ ಅಷ್ಟು ಮಂಕಾಗುತ್ತಾನೆ ಅನ್ನುತ್ತಾನೆ. ಅದಕ್ಕೇ ಊರೂರಿಗೆ ಒಂದು ಚಿಕ್ಕ ಶಾಲೆ ಬೇಕು, ಕೂಲಿಯವನೂ ಕಟ್ಟಬಹುದಾದಷ್ಟು ಫೀಸು ಇರಬೇಕು, ಮೇಷ್ಟ್ರ ಸಂಬಳದಲ್ಲಿ ಒಂದಿಷ್ಟನ್ನು ಸರ್ಕಾರ ಕೊಡಬೇಕು ಅಂತಾನೂ ಹೇಳುತ್ತಾನೆ. ಪಿನ್ನು ಮೊದಲನೇ ಅಧ್ಯಾಯದಲ್ಲಿ, ಅದನ್ನು ಮಾಡುವವನ ಗತಿ ನೂರಾರು ಪುಟ ಆಚೆ. ಅಲ್ಲೀವರೆಗೆ ಓದುವವರು ಎಷ್ಟು ಜನ ಇರುತ್ತಾರೆ?

ಇನ್ನು ಆ ಪ್ರಖ್ಯಾತ ಅದೃಶ್ಯ ಹಸ್ತ, ಅಂದರೆ ಎಲ್ಲರೂ ತಂತಮ್ಮ ಲಾಭ ನೋಡಿಕೊಂಡರೂ ಕಾಣದ ಕೈಯೊಂದು ಊರಿಗೂ ಒಳ್ಳೆಯದು ಮಾಡಿಸುತ್ತೆ ಅನ್ನುವ ಮಾತು. ಪುಟಪುಟಕ್ಕೂ ಇರುತ್ತೆ ಅಂದುಕೊಂಡಿದ್ದೆ. ಇಡೀ ಪುಸ್ತಕದಲ್ಲಿ ಒಂದೇ ಒಂದು ಸಲ ಬರುತ್ತೆ, ನಾಲ್ಕನೇ ಭಾಗದಲ್ಲಿ. ವ್ಯಾಪಾರಿ ದೂರದ ದೇಶಕ್ಕಿಂತ ಕಣ್ಣಳತೆಯಲ್ಲಿರುವ ಸ್ವದೇಶದಲ್ಲೇ ಬಂಡವಾಳ ಹಾಕುವುದಕ್ಕೆ ಇಷ್ಟಪಡುತ್ತಾನೆ, ತನ್ನ ಲಾಭ ನೋಡಿಕೊಳ್ಳುತ್ತಲೇ ಬಯಸದೇ ಇದ್ದ ಒಂದು ಒಳ್ಳೆಯದನ್ನೂ ಮಾಡಿಬಿಡುತ್ತಾನೆ ಅನ್ನುವ ಜಾಗದಲ್ಲಿ. ಮಾತು ಸರಿಯಾಗೇ ಇದೆ. ಕಟುಕ, ಬೇಕರಿಯವನು ನಮ್ಮ ಮೇಲಿನ ಪ್ರೀತಿಗೆ ಊಟ ಕೊಡಲ್ಲ, ಅವರವರ ಲಾಭಕ್ಕೆ ಕೊಡುತ್ತಾರೆ ಅನ್ನುವುದನ್ನೂ ಒಪ್ಪುತ್ತೇನೆ. ನಾನು ಬೆಳಿಗ್ಗೆ 9ಕ್ಕೆ ಶಟರ್ ಎತ್ತುವುದು ಊರಿನ ಮಕ್ಕಳ ವಿದ್ಯಾಭ್ಯಾಸದ ಚಿಂತೆಯಿಂದ ಅಲ್ಲ.

ಓದುತ್ತಾ ಓದುತ್ತಾ ಮೈ ಬಿಸಿಯಾಗಿದ್ದು ಬೇರೆ ಕಡೆ. ಒಂದೇ ಕಸುಬಿನವರು ಸುಮ್ನೆ ತಮಾಷೆಗೆ ಅಂತ ಸೇರಿದರೂ ಮಾತು ಕೊನೆಗೆ ಜನರ ವಿರುದ್ಧದ ಪಿತೂರಿಯಲ್ಲೋ, ಬೆಲೆ ಏರಿಸುವ ಉಪಾಯದಲ್ಲೋ ಮುಗಿಯುತ್ತೆ, ಹಾಗಾಗದೇ ಇರುವುದು ಅಪರೂಪ, ಅನ್ನುತ್ತಾನೆ. ಪುಸ್ತಕ ಮುಚ್ಚಿ ಕ್ಯಾಷ್ ಡ್ರಾ ಒಳಗೆ ಇಟ್ಟೆ. ನಮ್ಮ ಬೀದಿಯವರು ಪ್ರತಿ ವರ್ಷ ಶಾಲೆ ಶುರುವಾಗುವ ಮೊದಲು ಒಂದು ಕಡೆ ಸೇರುತ್ತೇವೆ. ಮಿರ್ಚಿ ಮಂಡಕ್ಕಿ ಇರುತ್ತೆ, ಟೀ ಇರುತ್ತೆ, ಮಗಳ ಮದುವೆ ಮಾತು ಇರುತ್ತೆ. ಏಳುವ ಹೊತ್ತಿಗೆ ಇನ್ನೂರು ಪುಟದ ಲಾಂಗ್ ನೋಟ್‌ಬುಕ್ಕಿಗೆ ಯಾರೂ ಇಷ್ಟಕ್ಕಿಂತ ಜಾಸ್ತಿ ಡಿಸ್ಕೌಂಟ್ ಕೊಡಬಾರದು ಅಂತ ತೀರ್ಮಾನ ಆಗಿರುತ್ತೆ. ಯಾರೂ ಬರೆದಿಡಲ್ಲ. ಹಾಲು ತರಕಾರಿ ಮಾತಾಡಿದ ಹಾಗೇ ಆಗಿಹೋಗುತ್ತೆ. ಸ್ಕಾಟ್ಲೆಂಡಿನ ಕಿರ್ಕಾಲ್ಡಿ ಅನ್ನುವ ಊರಲ್ಲಿ ತಾಯಿಯ ಜೊತೆ ಇದ್ದುಕೊಂಡು ವರ್ಷಗಟ್ಟಲೆ ಈ ಪುಸ್ತಕ ಬರೆದ ಮನುಷ್ಯನಿಗೆ ನಮ್ಮ ಮಿರ್ಚಿ ಮಂಡಕ್ಕಿ ವಿಷಯ ಹೇಗೆ ಗೊತ್ತಾಯಿತು?

ಅದಕ್ಕಿಂತ ಚುಚ್ಚಿದ್ದು ಕೂಲಿ ಬಗ್ಗೆ ಬರೆದಿರುವ ಅಧ್ಯಾಯ. ಕೆಲಸಗಾರರು ಗುಂಪುಕಟ್ಟಿದರೆ ಊರಿಗೆಲ್ಲಾ ಕೇಳಿಸುತ್ತೆ, ಕಾನೂನೂ ಅವರ ಮೇಲೆ ಬೀಳುತ್ತೆ. ಯಜಮಾನರ ಗುಂಪುಗಾರಿಕೆ ಮಾತ್ರ ಯಾರ ಕಿವಿಗೂ ಬೀಳಲ್ಲ, ಯಾಕಂದರೆ ಕೂಲಿ ಏರಿಸಬಾರದು ಅನ್ನುವ ಮೌನದ ಒಪ್ಪಂದ ಅವರ ನಡುವೆ ಯಾವಾಗಲೂ ಇದ್ದೇ ಇರುತ್ತೆ ಅನ್ನುತ್ತಾನೆ. ನಮ್ಮ ಅಂಗಡಿಯಲ್ಲಿ ಇಬ್ಬರು ಹುಡುಗರು ಕೆಲಸಕ್ಕಿದ್ದಾರೆ. ಪಕ್ಕದ ಅಂಗಡಿಯವರು ಎಷ್ಟು ಕೊಡುತ್ತಾರೆ ಅಂತ ನನಗೆ ಗೊತ್ತು, ನಾನೆಷ್ಟು ಕೊಡುತ್ತೇನೆ ಅಂತ ಅವರಿಗೂ ಗೊತ್ತು. ಒಬ್ಬರ ಹುಡುಗನನ್ನು ಇನ್ನೊಬ್ಬರು ಕರೆಯಬಾರದು ಅನ್ನುವುದು ನಮ್ಮ ಬೀದಿಯ ಮರ್ಯಾದೆ. ಇದನ್ನು ಮರ್ಯಾದೆ ಅಂತಲೇ ಅಂದುಕೊಂಡಿದ್ದೆ, ಇಷ್ಟು ವರ್ಷ.

ಅಂಗಡಿಯವರ ಮೇಲೆ ಅವನಿಗಿರುವ ಅನುಮಾನ ಇಷ್ಟಕ್ಕೇ ನಿಲ್ಲಲ್ಲ. ಬರೀ ಗಿರಾಕಿಗಳನ್ನು ಹುಟ್ಟಿಸಿಕೊಳ್ಳೋಕೆ ಅಂತ ಸಾಮ್ರಾಜ್ಯ ಕಟ್ಟುವುದು ಅಂಗಡಿಯವರ ದೇಶಕ್ಕೂ ತಕ್ಕ ಕೆಲಸ ಅಲ್ಲ, ಅಂಗಡಿಯವರು ಹೇಳಿದಂತೆ ಕುಣಿಯುವ ಸರ್ಕಾರ ಇರುವ ದೇಶಕ್ಕೆ ಮಾತ್ರ ತಕ್ಕದ್ದು ಅನ್ನುತ್ತಾನೆ. ಅಂಥ ಕೆಲಸಕ್ಕೆ ಒಳ್ಳೆಯ ಉದಾಹರಣೆ ನಮ್ಮ ನೆಲದಲ್ಲೇ ಇತ್ತು, ಈಸ್ಟ್ ಇಂಡಿಯಾ ಕಂಪನಿ. ಹೈದರಾಲಿ ಜೊತೆಗಿನ ಯುದ್ಧದ ಕೆಟ್ಟ ಸುದ್ದಿ 1769ರಲ್ಲಿ ಲಂಡನ್ ಮುಟ್ಟಿದಾಗ ಕಂಪನಿಯ ಷೇರು ಬಿದ್ದಿತ್ತು. 1773ರಲ್ಲಿ ಕಂಪನಿ ಮುಳುಗುವ ಹಾಗಾಗಿ ಬ್ರಿಟನ್ ಸರ್ಕಾರವೇ 14 ಲಕ್ಷ ಪೌಂಡ್ ಸಾಲ ಕೊಟ್ಟು ಎತ್ತಬೇಕಾಯಿತು. ಮೂರು ವರ್ಷ ಬಿಟ್ಟು ಈ ಪುಸ್ತಕ ಬಂತು. ಏಕಸ್ವಾಮ್ಯದ ವ್ಯಾಪಾರಿ ಕಂಪನಿಯ ಆಳ್ವಿಕೆಗಿಂತ ಕೆಟ್ಟ ಆಳ್ವಿಕೆ ಯಾವ ದೇಶಕ್ಕೂ ಇರಲಾರದು ಅಂತ ನೇರವಾಗಿ ಬರೆದಿದ್ದಾನೆ. ಅಲ್ಲಿ ಅಧಿಕಾರ ನಡೆಸುವ ಪ್ರತಿಯೊಬ್ಬನಿಗೂ ದುಡ್ಡು ಮಾಡಿಕೊಂಡು ಬೇಗ ಊರು ಸೇರುವ ಆತುರ, ಅವನು ಹೊರಟ ಮಾರನೇ ದಿನ ಇಡೀ ದೇಶವನ್ನು ಭೂಕಂಪ ನುಂಗಿದರೂ ಅವನಿಗೇನೂ ಅನಿಸಲ್ಲ ಅಂತ. ಓದುವಾಗ ಒಂದು ಥರಾ ಖುಷಿಯಾಯಿತು. ನಮ್ಮ ಶಾಲೆಯ ಚರಿತ್ರೆ ಪುಸ್ತಕದಲ್ಲೂ ಕಂಪನಿಯನ್ನು ಇಷ್ಟು ಚೆನ್ನಾಗಿ ಬೈದಿರಲಿಲ್ಲ.

ಹಾಗಂತ ಅವನು ಹೇಳಿದ್ದನ್ನೆಲ್ಲಾ ಒಪ್ಪಲಾಗಲಿಲ್ಲ. ಧಾನ್ಯದ ವ್ಯಾಪಾರಿಗಳ ವಿಷಯಕ್ಕೆ ಬಂದಾಗ ಸ್ಮಿತ್ ಪೂರ್ತಿ ಅವರ ಕಡೆ ವಾಲುತ್ತಾನೆ. ದಾಸ್ತಾನುದಾರರ ಮೇಲೆ ಜನಕ್ಕಿರುವ ಸಿಟ್ಟು ಮಾಟಗಾತಿಯರ ಬಗ್ಗೆ ಇದ್ದ ಹೆದರಿಕೆಯ ಹಾಗೇ ಅನ್ನುತ್ತಾನೆ. ಅವನ ವಾದ ಹೀಗೆ. ಬೆಳೆ ಕಮ್ಮಿಯಾಯಿತು ಅಂತ ಗೊತ್ತಾದ ತಕ್ಷಣ ವ್ಯಾಪಾರಿ ಬೆಲೆ ಏರಿಸಿದರೆ ಜನ ಮೊದಲಿಂದಲೇ ಹಿಡಿದು ಖರ್ಚು ಮಾಡುತ್ತಾರೆ, ಇರುವುದು ಮುಂದಿನ ಸುಗ್ಗಿಯವರೆಗೆ ಬರುತ್ತೆ. ದಿನಸಿ ಸಾಲಲ್ಲ ಅಂತ ಗೊತ್ತಾದಾಗ ಹಡಗಿನ ಯಜಮಾನ ತನ್ನವರಿಗೆ ಅಳತೆ ಮಾಡಿ ಬಡಿಸುವುದಿಲ್ಲವೇ, ಹಾಗೆ. ಬಂಗಾಳದಲ್ಲಿ ಬರ ಬಂದಾಗ ಅಕ್ಕಿ ವ್ಯಾಪಾರಕ್ಕೆ ಕಂಪನಿಯ ನೌಕರರು ಹಾಕಿದ ಕಟ್ಟುಪಾಡುಗಳೇ ಅಭಾವವನ್ನು ಕ್ಷಾಮ ಮಾಡಿದ್ದಿರಬಹುದು ಅಂತಾನೂ ಸೇರಿಸುತ್ತಾನೆ. 1770ರ ಆ ಕ್ಷಾಮ ಎಷ್ಟು ಘೋರವಾಗಿತ್ತು ಅಂತ ಬೇರೆ ಹೇಳಬೇಕಿಲ್ಲ.

ಆದರೆ ಹಡಗಲ್ಲಿ ಯಜಮಾನ ಎಲ್ಲರ ತಟ್ಟೆಗೂ ಅಳೆದು ಹಾಕುತ್ತಾನೆ, ದುಡ್ಡು ನೋಡಿ ಹಾಕಲ್ಲ. ಅಂಗಡಿಯಲ್ಲಿ ಬೆಲೆ ಏರಿದಾಗ ಕಮ್ಮಿ ಉಣ್ಣುವವರು ಯಾರು? ಉಳ್ಳವನು ಬೈದುಕೊಂಡು ದುಡ್ಡು ಕೊಟ್ಟು ಚೀಲ ಹೊತ್ತುಕೊಂಡು ಹೋಗುತ್ತಾನೆ. ಜೂನ್ ತಿಂಗಳಲ್ಲಿ ನನ್ನ ಅಂಗಡಿ ಮುಂದೆ ಇದನ್ನೇ ನೋಡುತ್ತೇನೆ, ಇಲ್ಲಿ ಬರೀ ನೋಟ್‌ಬುಕ್ಕು ಅಷ್ಟೇ. ಒಬ್ಬರು ಡಜನ್ ಲೆಕ್ಕದಲ್ಲಿ ಒಯ್ಯುತ್ತಾರೆ, ಇನ್ನೊಬ್ಬ ತಾಯಿ "ಅಣ್ಣಾ, ಸದ್ಯಕ್ಕೆ ಎರಡು ಕೊಡಿ, ಮುಂದಿನ ವಾರ ನೋಡ್ತೀನಿ" ಅನ್ನುತ್ತಾಳೆ. ಬೆಲೆ ಏನೋ ಹಂಚುತ್ತೆ ಸ್ವಾಮಿ, ಹಸಿವಿನ ಅಳತೆಗೆ ಹಂಚಲ್ಲ. ಇಷ್ಟು ಬುದ್ಧಿವಂತನಿಗೆ ಇದು ಹೊಳೆಯಲಿಲ್ಲವಾ ಅಂತ ನನಗೆ ಇವತ್ತಿಗೂ ಸಮಾಧಾನ ಇಲ್ಲ. ಜಾಸ್ತಿ ಜನ ಬಡತನದಲ್ಲಿ ನರಳುತ್ತಿರುವ ಸಮಾಜ ಚೆನ್ನಾಗಿದೆ ಅನ್ನಲಾಗದು ಅಂತ ಇದೇ ಪುಸ್ತಕದಲ್ಲಿ ಬರೆದವನೂ ಅವನೇ ಅಲ್ವಾ.

ಅಕ್ಕನ ಮಗನಿಗೆ ಮಾತ್ರ ಒಂದೊಂದಾಗಿ ತೋರಿಸಿದೆ. ಬಡ್ಡಿಗೆ ಕಾನೂನಿನ ಮಿತಿ ಇರಬೇಕು ಅಂತ ಸ್ಮಿತ್ ಒಪ್ಪುತ್ತಾನೆ, ಬ್ಯಾಂಕಿನವರು ಸಣ್ಣ ಮೊತ್ತದ ನೋಟು ಹೊರಡಿಸದ ಹಾಗೆ ತಡೆಯಬೇಕು ಅನ್ನುತ್ತಾನೆ, ವ್ಯಾಪಾರಿಗಳಿಂದ ಬಂದ ಯಾವ ಕಾನೂನಿನ ಸಲಹೆಯನ್ನಾದರೂ ಬಹಳ ಹೊತ್ತು ಅನುಮಾನದಿಂದ ನೋಡಿಯೇ ಒಪ್ಪಿ ಅಂತ ಎಚ್ಚರಿಸುತ್ತಾನೆ. ಕೊನೆಗೆ 1778ರಲ್ಲಿ ಅವನೇ ಎಡಿನ್‌ಬರೊದಲ್ಲಿ ಸುಂಕದ ಇಲಾಖೆಯ ಕಮಿಷನರ್ ಆಗಿ ಸೇರಿದ. ಕೆಲಸಕ್ಕೆ ಸೇರಿ ನಿಷೇಧಿತ ವಿದೇಶಿ ಮಾಲಿನ ಪಟ್ಟಿ ನೋಡಿದರೆ ತನ್ನ ಕುತ್ತಿಗೆಬಟ್ಟೆ, ಕರವಸ್ತ್ರ ಎಲ್ಲಾ ಅದರಲ್ಲೇ ಇವೆ! ತೆಗೆದು ಸುಟ್ಟುಬಿಟ್ಟನಂತೆ, ಕಾಗದದಲ್ಲಿ ತಾನೇ ಬರೆದುಕೊಂಡಿದ್ದಾನೆ. ಅಕ್ಕನ ಮಗ ನಕ್ಕ. ಆಮೇಲೆ "ಇದು ಪರೀಕ್ಷೆಗೆ ಬರಲ್ಲ ಮಾವ" ಅಂದ. ಹೌದು, ಬರಲ್ಲ.

ಓದು ಮುಗಿದ ಮೇಲೆ ಈ ಸಲದ ಮೀಟಿಂಗೂ ಬಂತು. ಹೋಗಬಾರದು ಅಂದುಕೊಂಡಿದ್ದೆ, ಹೋದೆ. ಮಾತು ಮಳೆಯಿಂದ ಶುರುವಾಗಿ, ಜಿಎಸ್‌ಟಿಗೆ ಬಂದು, ಇನ್ನೇನು ನೋಟ್‌ಬುಕ್ಕಿನ ಡಿಸ್ಕೌಂಟಿಗೆ ತಿರುಗುವ ಹೊತ್ತಿಗೆ ಒಂದೇ ಕಸುಬಿನವರು ಸೇರಿದರೆ ಏನಾಗುತ್ತೆ ಅನ್ನುವ ಸ್ಮಿತ್‌ನ ಆ ಮಾತನ್ನು ಕನ್ನಡದಲ್ಲಿ ಹೇಳಿಯೇಬಿಟ್ಟೆ. ಎಲ್ಲರೂ ಜೋರಾಗಿ ನಕ್ಕರು. ಹಿರಿಯರೊಬ್ಬರು "ಯಾರಪ್ಪಾ ಅವನು, ನಮ್ಮ ಬೀದಿಯವನಾ?" ಅಂತ ಕೇಳಿ, ಇನ್ನೊಂದು ಮಿರ್ಚಿ ನನ್ನ ತಟ್ಟೆಗೆ ಹಾಕಿ, ಡಿಸ್ಕೌಂಟ್ ಎಷ್ಟು ಅಂತ ಹೇಳಿದರು. ಹೋದ ವರ್ಷದಕ್ಕಿಂತ ಎರಡು ರೂಪಾಯಿ ಕಮ್ಮಿ. ನಾನೂ ತಲೆಯಾಡಿಸಿದೆ. ಹುಡುಗರಿಬ್ಬರ ಸಂಬಳ ಮಾತ್ರ ಈ ತಿಂಗಳಿಂದ ಏರಿಸಿದ್ದೇನೆ, ಅದನ್ನು ಪಕ್ಕದ ಅಂಗಡಿಯವರಿಗೆ ಇನ್ನೂ ಹೇಳಿಲ್ಲ.