ವಿಂಚೆಸ್ಟರ್ ಬಿಚ್ಚುವ ಭಾನುವಾರ

ಹಳೇ ರೈಫಲ್ಲಿಗೆ ತುಕ್ಕಿಗಿಂತ ದೊಡ್ಡ ಶತ್ರು ಪೇಂಟ್ ಡಬ್ಬದ ಮುಚ್ಚಳ ಎಬ್ಬಿಸಿದ ಸ್ಕ್ರೂಡ್ರೈವರ್.

ಜಾನ್ ಬ್ರೌನಿಂಗ್ ವಿನ್ಯಾಸದ ವಿಂಚೆಸ್ಟರ್ 1894 ಮಾದರಿಯ ರೈಫಲ್ ಅಮೆರಿಕದಲ್ಲಿ 70 ಲಕ್ಷಕ್ಕೂ ಹೆಚ್ಚು ತಯಾರಾಗಿದೆ. ಹಾಗಾಗಿ ಅಲ್ಲಿ ಎಷ್ಟೋ ಮನೆಗಳಲ್ಲಿ ತಾತನ ಕಾಲದ ಇಂಥದ್ದೊಂದು ರೈಫಲ್ ಬೀರುವಿನ ಮೂಲೆಯಲ್ಲಿರುತ್ತದೆ, ಅದನ್ನು ಬಿಚ್ಚುವ ಉಮೇದಿನ ಮೊಮ್ಮಗನೂ ಇರುತ್ತಾನೆ. (ನಮ್ಮಲ್ಲಿ ಆ ಉಮೇದಿಗೆ 1959ರ ಆಯುಧ ಕಾಯ್ದೆ ಅಡ್ಡ ಬರುತ್ತದೆ. ಕೋವಿ ರಿಪೇರಿಗೂ ಪರವಾನಗಿ ಬೇಕು.)

ಮೊದಲು ತೋಟೆ ಇದೆಯೇ ನೋಡಬೇಕು. ಟ್ರಿಗರ್ ಸುತ್ತಲಿನ ಲಿವರ್ ಇಳಿಸಿ, ತೋಟೆ ಕೂರುವ ಚೇಂಬರ್ ಖಾಲಿ ಎಂದುಕೊಂಡರೆ ಸಾಲದು. ನಳಿಗೆಯ ಕೆಳಗಿನ ಕೊಳವೆಯೇ ತೋಟೆ ತುಂಬಿಡುವ ಮ್ಯಾಗಝೀನ್. ಸ್ಪ್ರಿಂಗ್ ತುಕ್ಕು ಹಿಡಿದಿದ್ದರೆ ತೋಟೆಯೊಂದು ನಡುವೆ ಸಿಕ್ಕಿಕೊಂಡು ತಣ್ಣಗೆ ಮಲಗಿರುತ್ತದೆ. ಕೊಳವೆಯ ಬಾಯಲ್ಲಿ, ಸ್ಪ್ರಿಂಗಿನ ತುದಿಯಲ್ಲಿ ಕೂತು ತೋಟೆಗಳನ್ನು ತಳ್ಳುವ ಫಾಲೋಯರ್ ಕಣ್ಣಿಗೆ ಬಿದ್ದಮೇಲೆಯೇ ಮುಂದಿನ ಮಾತು.

ಈಗ ಸ್ಕ್ರೂ. ಈ ಹಳೇ ಸ್ಕ್ರೂಗಳ ಗೀರು ಸಣ್ಣದು, ಅದರ ಎರಡು ಗೋಡೆಗಳೂ ನೇರ. ಮನೆಯ ಸ್ಕ್ರೂಡ್ರೈವರಿನ ತುದಿ ಬೆಣೆಯ ಹಾಗೆ. ತಿರುಗಿಸಿದಷ್ಟೂ ಮೇಲಕ್ಕೆದ್ದು, ಗೀರಿನ ಅಂಚು ಕಿತ್ತು, ಕೊನೆಗೆ ಜಾರಿ ಪಕ್ಕದ ನೀಲಿ ಲೋಹದ ಮೇಲೆ ಉದ್ದಕ್ಕೆ ಸಹಿ ಹಾಕುತ್ತದೆ. ಸಂಗ್ರಹಕಾರರು ಬೆಲೆ ಇಳಿಸಲು ಮೊದಲು ಹುಡುಕುವುದು ಈ ಸಹಿಯನ್ನೇ. ತುದಿಯವರೆಗೂ ಒಂದೇ ದಪ್ಪ ಇರುವ, ಗೀರನ್ನು ಪೂರ್ತಿ ತುಂಬುವ ಬಿಟ್ ಬೇಕು. ಹಿಂಬದಿ ಮರವನ್ನು ಟ್ಯಾಂಗಿಗೆ (ಮರದತ್ತ ಹಿಂದಕ್ಕೆ ಚಾಚಿದ ಲೋಹದ ಪಟ್ಟಿ) ಹಿಡಿದಿರುವ ಟ್ಯಾಂಗ್ ಸ್ಕ್ರೂ ಅಲುಗದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಅದಕ್ಕೂ ಜಗ್ಗದಿದ್ದರೆ ಬಿಸಿ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಸ್ಕ್ರೂ ತಲೆಗೆ ಮುಟ್ಟಿಸಿ ಹಿಡಿಯಿರಿ. ಆಮೇಲೆ ಮರವನ್ನು ನೇರ ಹಿಂದಕ್ಕೆ ಎಳೆಯಬೇಕು. ಸಡಿಲ ಹಲ್ಲಿನಂತೆ ಅತ್ತಿತ್ತ ಅಲ್ಲಾಡಿಸಿದರೆ ಟ್ಯಾಂಗಿನ ಪಕ್ಕ ಮರ ಚಕ್ಕೆ ಏಳುತ್ತದೆ.

ಮ್ಯಾಗಝೀನಿನ ತುದಿಯ ಪ್ಲಗ್ಗನ್ನು ಒಂದು ಪುಟ್ಟ ಸ್ಕ್ರೂ ತಡೆದಿರುತ್ತದೆ. ಅದರ ಹಿಂದೆ ಮಾರುದ್ದದ ಸ್ಪ್ರಿಂಗ್ ಮುದುರಿ ಕಾಯುತ್ತಿದೆ ಎಂಬುದು ಬಹುತೇಕರಿಗೆ ತಿಳಿಯುವುದು ಪ್ಲಗ್ ಹಾರಿ ಟ್ಯೂಬ್‌ಲೈಟಿಗೆ ಬಡಿದ ಮೇಲೆ. ಹೆಬ್ಬೆರಳು ಅದುಮಿಕೊಂಡೇ ಸ್ಕ್ರೂ ತೆಗೆಯಬೇಕು.

ಒಳಗಿನ ಸ್ಕ್ರೂಗಳೆಲ್ಲ ಒಂದೇ ತಾಯಿ ಮಕ್ಕಳಂತೆ ಕಾಣುತ್ತವೆ, ಅಲ್ಲ. ಎಲ್ಲವನ್ನೂ ಒಂದು ಬಟ್ಟಲಿಗೆ ಸುರಿದವರಿಗೆ ಸಂಜೆಯ ಹೊತ್ತಿಗೆ ಎರಡು ಮಿಗುತ್ತವೆ. ರಟ್ಟಿನ ಮೇಲೆ ರೈಫಲ್ಲಿನ ಚಿತ್ರ ಗೀಚಿ, ಕಿತ್ತ ಜಾಗದಲ್ಲೇ ತೂತು ಮಾಡಿ ಚುಚ್ಚಿಡುವುದು ಒಳ್ಳೇದು. ಚಿತ್ರ ಎಮ್ಮೆಯಂತೆ ಬಂದರೂ ತೊಂದರೆಯಿಲ್ಲ. ತೋಟೆಗೆ ದಾರಿ ತೋರುವ ಎಡ-ಬಲ ಗೈಡುಗಳೂ ಬೇರೆಬೇರೆ, ಅದಲುಬದಲು ನಡೆಯದು.

ಇಷ್ಟೆಲ್ಲ ಬಿಚ್ಚಿದ ಮೇಲೆ ಕಾಯಿಲೆ ಏನೆಂದು ನೋಡಿದರೆ ಸಾಮಾನ್ಯವಾಗಿ ಹಳೇ ಎಣ್ಣೆ ಒಣಗಿ ವಾರ್ನಿಶ್ ಆಗಿರುತ್ತದೆ. ಇಲ್ಲವೇ, ತೋಟೆ ಸಿಡಿಸುವ ಸುತ್ತಿಗೆಗೆ, ಅಂದರೆ ಕುದುರೆಗೆ, ಬಲ ಕೊಡುವ ಸ್ಪ್ರಿಂಗ್ ಚಪ್ಪಟೆಯಾಗಿರುವ ಹಳೇ ಮಾದರಿಯಲ್ಲಿ, ಅದನ್ನು ಬಿಗಿಹಿಡಿಯುವ ಸ್ಕ್ರೂ ಸಡಿಲಾಗಿರುತ್ತದೆ. ಆಗ ಕುದುರೆಯ ಏಟು ಮೆತ್ತಗಾಗಿ ತೋಟೆ ಸಿಡಿಯದು. ಒಂದೆರಡು ಸುತ್ತು ಬಿಗಿಗೊಳಿಸಿದ್ದರೆ ಸಾಕಿತ್ತು, ಆದರೆ ಈಗ ಮೇಜಿನ ತುಂಬ ಬಿಡಿಭಾಗ.

ಜೋಡಿಸುವಾಗ ಬೋಲ್ಟ್ (ನಳಿಗೆಯ ಹಿಂಬಾಯಿ ಮುಚ್ಚುವ ಭಾಗ) ಮತ್ತು ಲಿವರಿನ ತೂತುಗಳು ಒಂದೇ ಗೆರೆಗೆ ಬಂದರೆ ಮಾತ್ರ ಪಿನ್ ಇಳಿಯುತ್ತದೆ. ಕೂದಲೆಳೆ ತಪ್ಪಿದರೂ ಒಲ್ಲೆ ಎನ್ನುತ್ತದೆ. ಸುತ್ತಿಗೆ ಎತ್ತಿದಿರೋ, ಪಿನ್ ತಲೆ ಅಣಬೆಯಾಗಿ ಮುಂದಿನ ಸಲ ಹೊರಗೂ ಬಾರದು. ಲಿವರನ್ನು ಎಳೆಗೂದಲಷ್ಟು ಆಡಿಸುತ್ತ ಹುಡುಕಬೇಕು.

ಎಲ್ಲ ಮುಗಿದು, ಖಾಲಿ ರೈಫಲ್ಲಿನ ಟ್ರಿಗರ್ ಎಳೆದರೆ ಕುದುರೆ ಬೀಳುವುದೇ ಇಲ್ಲ. ಮೊಮ್ಮಗ ಬೆವರುತ್ತಾನೆ, ಮತ್ತೆ ಟ್ಯಾಂಗ್ ಸ್ಕ್ರೂಗೆ ಕೈ ಹಾಕುತ್ತಾನೆ. ಕೆಟ್ಟಿರುವುದು ಏನೂ ಇಲ್ಲ. ಲಿವರನ್ನು ಹಿಡಿಗೆ ಒತ್ತಿ ಹಿಡಿಯದ ಹೊರತು ಟ್ರಿಗರ್ ಕೆಲಸ ಮಾಡದಂತೆ ಅಲ್ಲೊಂದು ಪುಟ್ಟ ತಡೆ ಮೊದಲಿನಿಂದಲೂ ಇದೆ.